ದನಿ ಯಾರದ್ದು? ಬಾಡಿಗೆ ದನಿ vs ಸ್ವಂತ ದನಿಯ ಹಳೇ ಕಥೆ

(1/4)
ಪ್ರಾಜೆಕ್ಟ್ ವಿಡಿಯೋ ರೆಡಿ. ಫೋಟೋ ಜೋಡಿಸಿ ಆಯ್ತು, ಸ್ಕ್ರಿಪ್ಟೂ ಇದೆ. ಉಳಿದಿರೋದು ಒಂದೇ ಪ್ರಶ್ನೆ: ದನಿ ಯಾರು ಕೊಡೋದು? ದುಡ್ಡು ಕೊಟ್ಟು ವಾಯ್ಸ್ ಓವರ್ ಆರ್ಟಿಸ್ಟ್ ಹತ್ರ ಮಾಡಿಸೋದಾ, ಇಲ್ಲ ರೂಮಲ್ಲಿ ಫ್ಯಾನ್ ಆಫ್ ಮಾಡಿ ಫೋನಲ್ಲಿ ನಾವೇ ಮಾತಾಡೋದಾ?

ನಮ್ಮ ಗುಂಪಲ್ಲಿ ಇದಕ್ಕೆ ಎರಡು ದಿನ ಜಗಳ ಆಯ್ತು. ಗೆಳತಿಯೊಬ್ಬಳ ಅಜ್ಜಿ ಹೂವಿನ ಅಂಗಡಿಯ ಲೆಕ್ಕ ಹೇಗೆ ಇಟ್ಟರು ಅನ್ನೋದೇ ನಮ್ಮ ವಿಷಯ. ಆದರೆ ಆ ಗೆಳತಿಯೇ "ನನ್ನ ದನಿ ಚೆನ್ನಾಗಿಲ್ಲ, ಬೇಡ" ಅಂತ ಹಿಂದೆ ಸರಿದಳು.

ಈ ಜಗಳ ನಮ್ಮ ಸಿನಿಮಾದಷ್ಟೇ ಹಳೇದು. ಬನ್ನಿ, ನೋಡೋಣ.

(2/4)
1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಕಾಲದಲ್ಲಿ ಆಯ್ಕೆಯೇ ಇರಲಿಲ್ಲ. ನಟಿಸೋರೇ ಹಾಡಬೇಕು. ಅದಕ್ಕೇ ಹಾಡಬಲ್ಲ ನಾಟಕ ಕಂಪನಿ ಕಲಾವಿದರಿಗೆ ಬೇಡಿಕೆ. ಮರುವರ್ಷ, 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ನಿತಿನ್ ಬೋಸ್ ನಿರ್ದೇಶನದ ಚಿತ್ರದಲ್ಲಿ ಹಿನ್ನೆಲೆ ಗಾಯನ ಬಳಸಿದರು. ಮುಖ ಒಬ್ಬರದು, ಹಾಡೋ ದನಿ ಇನ್ನೊಬ್ಬರದು ಆಗೋ ದಾರಿ ತೆರೀತು.

ಈಗ ಡಾ. ರಾಜ್‌ಕುಮಾರ್ ವಿಷಯಕ್ಕೆ ಬನ್ನಿ. ಅವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಹಾಡೋಕೆ ಬರ್ತಿತ್ತು. 1956ರ 'ಓಹಿಲೇಶ್ವರ'ದಲ್ಲಿ ಹಾಡಿಯೂ ಇದ್ದರು. ಆದರೂ ಎಷ್ಟೋ ವರ್ಷ ತೆರೆ ಮೇಲೆ ಅವರ ಹಾಡಿನ ದನಿ ಅಂದ್ರೆ ಪಿ.ಬಿ. ಶ್ರೀನಿವಾಸ್. ಕಾಕಿನಾಡದಲ್ಲಿ ಹುಟ್ಟಿದವರು. ಇನ್ನೊಂದು ಖುಷಿ ವಿಷಯ, ಅವರೂ ಬಿ.ಕಾಂ!

(3/4)
ಹಾಡೋಕೆ ಬರೋ ನಟನಿಗೆ ಬೇರೆಯವರ ದನಿ ಯಾಕೆ? ನಾನು ಇದನ್ನ ಕಾಸ್ಟಿಂಗ್ ಲೆಕ್ಕದಲ್ಲಿ ನೋಡ್ತೀನಿ. ಆಗ ಗಾಯಕರೂ ವಾದ್ಯದವರೂ ಒಟ್ಟಿಗೆ ಒಂದೇ ಸಲಕ್ಕೆ ರೆಕಾರ್ಡ್ ಮಾಡಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಸ್ಟುಡಿಯೋ ಬಾಡಿಗೆ ಓಡ್ತಾನೇ ಇರತ್ತೆ. ದಿನಾ ಅದೇ ಕೆಲಸ ಮಾಡೋ ಗಾಯಕ ಬೇಗ ಮುಗಿಸ್ತಾನೆ. ಅಂದ್ರೆ ದುಡ್ಡು ತಗೊಳ್ಳೋನೇ ಕೊನೆಗೆ ಅಗ್ಗ!

ಅಗ್ಗ ಅಷ್ಟೇ ಅಲ್ಲ. ರಾಜ್ ಮಾತು ನಿಲ್ಲಿಸಿ ಪಿ.ಬಿ.ಎಸ್ ಹಾಡು ಶುರುವಾದಾಗ ಬೆಸುಗೆ ಎಲ್ಲಿದೆ ಅಂತ ನಮಗೆ ಗೊತ್ತೇ ಆಗಲ್ಲ. ಅದು ವೃತ್ತಿ ಕಲಾವಿದರ ತಾಕತ್ತು.

1974ರಲ್ಲಿ 'ಸಂಪತ್ತಿಗೆ ಸವಾಲ್'. ಪಿ.ಬಿ.ಎಸ್‌ಗೆ ಅವತ್ತು ಹಾಡೋಕೆ ಆಗಲಿಲ್ಲ ಅನ್ನೋದು ಎಲ್ಲರೂ ಹೇಳೋ ಕಥೆ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಎಮ್ಮೆ ಹಾಡು ಹಾಡಿಸಿದರು. ಇವತ್ತಿಗೂ ಅದನ್ನ ಗುನುಗದೇ ಇರೋರು ಕಮ್ಮಿ. ಆಮೇಲೆ ಅವರೇ ಹಾಡೋದು ರೂಢಿ ಆಯ್ತು. 'ಜೀವನ ಚೈತ್ರ'ಕ್ಕೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿದ್ದು ಗಾಯನಕ್ಕೆ!

ಆದರೆ ಅದೇ 1974ರ 'ಭಕ್ತ ಕುಂಬಾರ', 'ಎರಡು ಕನಸು' ಕೇಳಿ. ಅಲ್ಲಿ ಪಿ.ಬಿ.ಎಸ್ ದನಿ. ಒಂದು ಬಂತು ಅಂತ ಇನ್ನೊಂದು ಕೆಟ್ಟದಾಗಲಿಲ್ಲ.

(4/4)
ನಿಮ್ಮ ಪ್ರಾಜೆಕ್ಟಿಗೆ ಇದರಿಂದ ಏನು ಸಿಗತ್ತೆ?

ಇವತ್ತು ಫೋನಲ್ಲಿ ರೀಟೇಕ್ ಫ್ರೀ. ಹಾಗಾಗಿ ಹಳೇ ಕಾಸ್ಟಿಂಗ್ ಲೆಕ್ಕ ತಲೆಕೆಳಗಾಗಿದೆ. ಉಳಿಯೋ ಪ್ರಶ್ನೆ: ಆ ಮಾತು ಯಾರದು? ಮಾಹಿತಿ ಸ್ಪಷ್ಟವಾಗಿ ತಲುಪಿದರೆ ಸಾಕು, ಹೇಳೋರು ಯಾರಾದರೂ ನಡೆಯತ್ತೆ ಅಂದ್ರೆ ವೃತ್ತಿಯವರ ಹತ್ರ ಹೋಗಿ. ದುಡ್ಡು ಕೊಡಿ, ಹೆಸರೂ ಹಾಕಿ. 1949ರ 'ಮಹಲ್' ಚಿತ್ರದ ಹಾಡಿನ ರೆಕಾರ್ಡ್ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಪಾತ್ರದ ಹೆಸರು 'ಕಾಮಿನಿ' ಅಂತ ಅಚ್ಚಾಗಿತ್ತು. ಆ ತಪ್ಪು ನಾವು ಮಾಡೋದು ಬೇಡ.

ಮಾತು ನಿಮ್ಮ ಬದುಕಿನದ್ದಾದರೆ ನೀವೇ ಹೇಳಿ. ಆದರೆ ಅಭ್ಯಾಸ ಮಾಡಿ. ರಾಜ್ ಸ್ಟುಡಿಯೋಗೆ ಸುಮ್ನೆ ಹೋಗಿ ಹಾಡಿದವರಲ್ಲ, ಹಿಂದೆ ವರ್ಷಗಟ್ಟಲೆ ರಂಗದ ದುಡಿಮೆ ಇತ್ತು. ಇನ್ನು ರೆಕಾರ್ಡಿಂಗಲ್ಲಿ ನಮ್ಮ ದನಿ ನಮಗೇ ವಿಚಿತ್ರ ಅನ್ಸೋದು ಎಲ್ಲರಿಗೂ ಇದ್ದಿದ್ದೇ. ಮಾತಾಡೋವಾಗ ನಮ್ಮ ದನಿ ತಲೆಬುರುಡೆಯ ಮೂಳೆಯಿಂದಲೂ ಕಿವಿಗೆ ಬರತ್ತೆ, ರೆಕಾರ್ಡಿಂಗಲ್ಲಿ ಆ ಭಾಗ ಇರಲ್ಲ. ಬೇರೆಯವರು ದಿನಾ ಕೇಳೋದು ಆ ದನಿಯನ್ನೇ!

ಗೆಳತಿಗೆ ಇಷ್ಟನ್ನೇ ಹೇಳಿದೆ. ಹನ್ನೊಂದು ಟೇಕ್ ಆಯ್ತು. ಹನ್ನೊಂದನೇದರಲ್ಲಿ "ನಮ್ಮಜ್ಜಿ" ಅನ್ನೋವಾಗ ಅವಳ ದನಿ ಸ್ವಲ್ಪ ನಡುಗಿತು. ಅದನ್ನೇ ಇಟ್ಕೊಂಡ್ವಿ.

ನಿಮ್ಮ ವಿಡಿಯೋದಲ್ಲಿ ದನಿ ಯಾರದ್ದು? ಕಾಮೆಂಟಲ್ಲಿ ಹೇಳಿ.

#ಕನ್ನಡ #ಇತಿಹಾಸ #ನಮ್ಮದನಿ