ಎಂಜಿನ್ನಿನ ಮೂಗಿಗೆ ಕಟ್ಟಿದ ಸೌದೆ ಒಲೆ

ಕಾರು-ಬೈಕಿನ ಹುಚ್ಚು ಹತ್ತಿದ ಹುಡುಗರು ಮೊದಲು ಕೈ ಹಾಕುವುದು ಎಂಜಿನ್ನಿಗಲ್ಲ, ಅದರ ಮೂಗಿಗೆ. ಕಂಪನಿಯವರು ಕೊಟ್ಟ ಏರ್ ಫಿಲ್ಟರ್ ಡಬ್ಬಿ ಕಿತ್ತು ಹಾಕಿ, ಅಲ್ಲಿ ಜಾಳಿಗೆಯಂಥ ಒಂದು ಕೋನ್ ಫಿಲ್ಟರ್ ಸಿಕ್ಕಿಸಿ, ಒಂದು ಅಗಲದ ಪೈಪು ಜೋಡಿಸಿದರೆ ಮುಗೀತು. "ಗಾಡಿ ಉಸಿರಾಡುತ್ತೆ ನೋಡು ಈಗ" ಅಂತಾರೆ. ಸದ್ದು ಜೋರಾಗುತ್ತದೆ ಅನ್ನುವುದಂತೂ ನಿಜ. ವೇಗ ಎಷ್ಟು ಹೆಚ್ಚುತ್ತದೆ ಅನ್ನುವುದು ಆ ಹುಡುಗರಿಗೂ ಅವರ ದೇವರಿಗೂ ಬಿಟ್ಟ ವಿಷಯ :)

ಆದರೆ ಇದೇ ಮೂಗಿನ ರಿಪೇರಿಯನ್ನು ಒಂದು ಕಾಲದಲ್ಲಿ ಲಕ್ಷಾಂತರ ಜನ ಶೋಕಿಗಲ್ಲ, ಹೊಟ್ಟೆಪಾಡಿಗೆ ಮಾಡಿಕೊಂಡಿದ್ದರು. ಮನೆಯ ಹಿತ್ತಲಲ್ಲಿ, ಕುಲುಮೆಯಲ್ಲಿ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ. ಕಾರಿನ ಗಾಳಿ ಪೈಪಿಗೆ ಅವರು ಕಟ್ಟಿದ್ದು ಫಿಲ್ಟರನ್ನಲ್ಲ, ಉರಿಯುವ ಒಲೆಯನ್ನು! ಇವತ್ತು ಆ ಕತೆ ಹೇಳೋಣ ಅಂತ.

ಮೊದಲು ಒಂದು ಸಣ್ಣ ವಿಷಯ. ಪೆಟ್ರೋಲ್ ಎಂಜಿನ್ ಪೆಟ್ರೋಲು ಕುಡಿಯುತ್ತದೆ ಅಂತ ನಾವು ಹೇಳುವುದು ಅರ್ಧ ಸತ್ಯ. ಅದು ಮುಖ್ಯವಾಗಿ ಗಾಳಿ ಕುಡಿಯುವ ಯಂತ್ರ. ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಪಿಸ್ಟನ್ ಕೆಳಗಿಳಿದಾಗ ಒಳಗೆ ಎಳೆದುಕೊಳ್ಳುವುದು ಈ ಗಾಳಿಯನ್ನೇ. ಹಳೆಯ ಕಾರುಗಳಲ್ಲಿ ದಾರಿಯಲ್ಲೊಂದು ಕಾರ್ಬುರೇಟರ್ ಕೂತು ಹೋಗುವ ಗಾಳಿಗೆ ಒಂದಿಷ್ಟು ಪೆಟ್ರೋಲು ಚಿಮುಕಿಸಿ ಕಳಿಸುತ್ತಿತ್ತು. ಅಂದರೆ ಎಂಜಿನ್ನಿಗೆ ಬೇಕಾದ್ದು ಉರಿಯಬಲ್ಲ ಗಾಳಿ. ಆ ಉರಿಯುವ ಗುಣ ಪೆಟ್ರೋಲಿನಿಂದ ಬಂತೋ ಇನ್ನೊಂದರಿಂದ ಬಂತೋ ಅಂತ ಅದು ಜಾತಿ ಕೇಳುವುದಿಲ್ಲ.

ಹಾಗೆ ನೋಡಿದರೆ ಎಂಜಿನ್ ಹುಟ್ಟಿದ್ದೇ ಗ್ಯಾಸ್ ಕುಡಿದು. 1860ರಲ್ಲಿ ಲೆನ್ವಾ ಪ್ಯಾರಿಸ್ಸಿನಲ್ಲಿ ಮಾಡಿದ ಎಂಜಿನ್ ಓಡಿದ್ದು ದೀಪಕ್ಕೆ ಬಳಸುತ್ತಿದ್ದ ಕಲ್ಲಿದ್ದಲಿನ ಗ್ಯಾಸಿನಿಂದ. 1876ರಲ್ಲಿ ನಿಕೊಲಸ್ ಆಟೋ ಮಾಡಿದ ನಾಲ್ಕು ಹೊಡೆತದ ಎಂಜಿನ್, ಅಂದರೆ ಇವತ್ತಿನ ಎಲ್ಲ ಪೆಟ್ರೋಲ್ ಕಾರುಗಳ ಮುತ್ತಜ್ಜ, ಅದೂ ಗ್ಯಾಸಿನದ್ದೇ. ಪೆಟ್ರೋಲು ಆಮೇಲೆ ಬಂದ ಅತಿಥಿ. ಬಂದವನು ಮನೆಯ ಯಜಮಾನನೇ ಆಗಿಬಿಟ್ಟ, ಅಷ್ಟೆ.

ಈಗ ಒಲೆಯ ವಿಷಯಕ್ಕೆ ಬರೋಣ. ಸೌದೆಯನ್ನು ಬೇಕಾದಷ್ಟು ಗಾಳಿ ಕೊಟ್ಟು ಉರಿಸಿದರೆ ಬೂದಿ, ಶಾಖ, ಹೊಗೆ. ಅದೇ ಗಾಳಿಯನ್ನು ಬಿಗಿ ಹಿಡಿದು, ಅರೆಹೊಟ್ಟೆಯಲ್ಲಿ ಉರಿಸಿದರೆ ಬೇರೆಯೇ ಆಟ. ಉರಿಯಿಂದ ಬಂದ ಕಾರ್ಬನ್ ಡೈ ಆಕ್ಸೈಡ್ ಮತ್ತು ನೀರಾವಿ ಕೆಂಡದ ಹಾಸಿನ ಮೂಲಕ ಹಾಯುವಾಗ ಕೆಂಡದ ಇಂಗಾಲ ಅವುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ. ಎರಡೂ ಚೆನ್ನಾಗಿ ಉರಿಯುತ್ತವೆ. ಹೀಗೆ ಸಿಗುವ ಗ್ಯಾಸಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್, ಅದಕ್ಕಿಂತ ಸ್ವಲ್ಪ ಕಡಿಮೆ ಜಲಜನಕ, ಅರ್ಧದಷ್ಟು ಕೆಲಸಕ್ಕೆ ಬಾರದ ಸಾರಜನಕ.

ಕಾರಿಗೆ ಇದನ್ನು ಒಗ್ಗಿಸುವುದರಲ್ಲಿ ದೊಡ್ಡ ಹೆಸರು ಜಾರ್ಜ್ ಇಂಬೆರ್ ಅವರದ್ದು. ಫ್ರಾನ್ಸ್-ಜರ್ಮನಿ ಗಡಿಯ ಅಲ್ಸಾಸ್ ಸೀಮೆಯವರು. ಸೌದೆಯ ದೊಡ್ಡ ತಲೆನೋವು ಅಂದರೆ ಡಾಂಬರಿನಂಥ ಜಿಗುಟು. ಅದು ಎಂಜಿನ್ನಿಗೆ ಹೋದರೆ ವಾಲ್ವುಗಳು ಅಂಟಿಕೊಂಡು ಕತೆ ಮುಗಿಯುತ್ತದೆ. 1920ರ ದಶಕದಲ್ಲಿ ಇಂಬೆರ್ ಸಿದ್ಧಪಡಿಸಿದ ಒಲೆಯಲ್ಲಿ ಹೊಗೆ ಮೇಲಕ್ಕೆ ಹೋಗುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ನಡುವೆ ಒಂದು ಇಕ್ಕಟ್ಟಾದ ಕತ್ತು, ಅಲ್ಲಿ ನಿಗಿನಿಗಿ ಕೆಂಡ. ಎಲ್ಲ ಹೊಗೆಯೂ ಆ ಕೆಂಡದೊಳಗೇ ನುಸುಳಿ ಹೋಗಬೇಕಾದ್ದರಿಂದ ಜಿಗುಟು ಬಹುಪಾಲು ಅಲ್ಲೇ ಒಡೆದು ಗ್ಯಾಸಾಗುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿ. ಈ ಒಲೆಗೆ ಗಾಳಿ ಊದುವವರು ಯಾರು? ಎಂಜಿನ್ನೇ! ಪಿಸ್ಟನ್ ಉಸಿರು ಎಳೆದಾಗ ಪೈಪಿನ ಆಚೆ ತುದಿಯಲ್ಲಿರುವ ಕೆಂಡದ ಮೂಲಕ ಗಾಳಿ ಎಳೆಯುತ್ತದೆ. ಗಾಡಿ ಜೋರಾಗಿ ಓಡಿದಷ್ಟೂ ಒಲೆ ಜೋರಾಗಿ ಉರಿಯುತ್ತದೆ, ನಿಧಾನಿಸಿದರೆ ಒಲೆಯೂ ನಿಧಾನ. ಕಮ್ಮಾರನ ತಿದಿಯನ್ನು ಕುಲುಮೆಯೇ ಒತ್ತಿಕೊಂಡ ಹಾಗೆ.

ಇಷ್ಟೆಲ್ಲ ಮಾಡಲು ಎಂಜಿನ್ನಿನಲ್ಲಿ ಏನು ಬದಲಿಸಬೇಕಿತ್ತು? ಹೆಚ್ಚೇನೂ ಇಲ್ಲ. ಮಾಡಬೇಕಾದ ಕೆಲಸವೆಲ್ಲ ಗಾಳಿಯ ದಾರಿಯಲ್ಲಿ. ಒಳಹೋಗುವ ಪೈಪಿಗೆ ಒಂದು ಕವಲು, ಒಂದು ಬಾಯಿ ಗ್ಯಾಸಿಗೆ, ಇನ್ನೊಂದು ಬಾಯಿ ಬರಿ ಗಾಳಿಗೆ. ಎರಡಕ್ಕೂ ತಿರುಗುವ ಮುಚ್ಚಳ. ಗಾಳಿಯ ಮುಚ್ಚಳಕ್ಕೆ ಒಂದು ತಂತಿ ಎಳೆದು ಡ್ರೈವರಿನ ಕೈಗೆ ಕೊಡುವುದು. ಗ್ಯಾಸು ನಿಧಾನಕ್ಕೆ ಉರಿಯುತ್ತದೆ, ಹಾಗಾಗಿ ಸ್ಪಾರ್ಕನ್ನು ಸ್ವಲ್ಪ ಮುಂಚೆ ಹೊಡೆಯುವ ಹಾಗೆ ತಿರುಗಿಸಿಡುವುದು. ಒಲೆಗೂ ಎಂಜಿನ್ನಿಗೂ ನಡುವೆ ಗ್ಯಾಸನ್ನು ತಣಿಸಲು ಉದ್ದದ ಕೊಳವೆಗಳು, ಬೂದಿ ಹಿಡಿಯಲು ಬಟ್ಟೆಯದೋ ನಾರಿನದೋ ಸೋಸುವ ಡಬ್ಬಿ. ಇಷ್ಟೇ.

ಆದರೆ ಬಿಟ್ಟಿ ಏನೂ ಸಿಗುವುದಿಲ್ಲವಲ್ಲ. ಪೆಟ್ರೋಲಿನ ಆವಿ ಸಿಲಿಂಡರಿನಲ್ಲಿ ಎಳ್ಳಷ್ಟು ಜಾಗ ಹಿಡಿದರೆ, ಈ ಗ್ಯಾಸು ಹೆಚ್ಚು ಕಡಿಮೆ ಅರ್ಧ ಜಾಗವನ್ನೇ ನುಂಗುತ್ತದೆ. ಉಳಿದರ್ಧದಲ್ಲಿ ಗಾಳಿ. ಅದಕ್ಕೇ ಶಕ್ತಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇಳಿಯುತ್ತಿತ್ತು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಎರಡೂವರೆ-ಮೂರು ಕೆ.ಜಿ. ಒಣ ಸೌದೆ ಬೇಕಿತ್ತು. ಬೆಳಿಗ್ಗೆ ಹೊರಡುವ ಮುಂಚೆ ಬೂದಿ ತೆಗೆದು, ಸೌದೆ ತುಂಬಿ, ಬೆಂಕಿ ಹಚ್ಚಿ, ಹತ್ತಿಪ್ಪತ್ತು ನಿಮಿಷ ಗಾಳಿ ಊದಬೇಕು. ಬಚ್ಚಲ ಒಲೆ ಹಚ್ಚಿದ ಹಾಗೆ ಕಾರು ಹಚ್ಚುವುದು.

ಇಷ್ಟು ಕಷ್ಟ ಯಾರಿಗೆ ಬೇಕಿತ್ತು? ಎರಡನೇ ಮಹಾಯುದ್ಧ ಬಂದಾಗ ಎಲ್ಲರಿಗೂ ಬೇಕಾಯಿತು. ಪೆಟ್ರೋಲು ಸೇನೆಯ ಪಾಲಾಯಿತು, ಹಡಗುಗಳು ಮುಳುಗಿದವು, ಬಂದರುಗಳು ಮುಚ್ಚಿದವು. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯೊಂದರಲ್ಲೇ ಸುಮಾರು 5 ಲಕ್ಷ ಗಾಡಿಗಳು ಹೀಗೆ ಓಡುತ್ತಿದ್ದವು ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಯುದ್ಧದಲ್ಲಿ ಸೇರದ ಸ್ವೀಡನ್ನಿನಲ್ಲೂ 70 ಸಾವಿರಕ್ಕೂ ಹೆಚ್ಚು. ಫ್ರಾನ್ಸಿನಲ್ಲಿ ಇದಕ್ಕೆ ಗಾಝೋಜೆನ್ ಅಂತ ಹೆಸರು, ಸ್ವೀಡನ್ನಿನಲ್ಲಿ ಯೆನ್‌ಗಾಸ್. ಲಂಡನ್ನಿನ ಕೆಲವು ಬಸ್ಸುಗಳು ಒಲೆಯನ್ನು ಎರಡು ಗಾಲಿಯ ಗಾಡಿಯ ಮೇಲಿಟ್ಟು ಬೆನ್ನ ಹಿಂದೆ ಎಳೆದುಕೊಂಡು ಹೋಗುತ್ತಿದ್ದವು, ಆನೆ ಮರಿಯಂತೆ. ನನಗೆ ತುಂಬ ಹಿಡಿಸಿದ್ದು ಫಿನ್ಲೆಂಡಿನವರಿಟ್ಟ ಹೆಸರು. ಹ್ಯಾಕಾಪೊಂತ್ತೊ. ಹ್ಯಾಕಾ ಅಂದರೆ ಕಾರ್ಬನ್ ಮಾನಾಕ್ಸೈಡ್, ಪೊಂತ್ತೊ ಅಂದರೆ ಡಬ್ಬಿ. "ವಿಷಗಾಳಿ ಡಬ್ಬಿ" ಅನ್ನಬಹುದು. ಏನನ್ನು ಕಟ್ಟಿಕೊಂಡು ಓಡಾಡುತ್ತಿದ್ದೇವೆ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು.

ಯಾಕೆಂದರೆ ಎಂಜಿನ್ನಿಗೆ ಅನ್ನವಾಗುವ ಈ ಕಾರ್ಬನ್ ಮಾನಾಕ್ಸೈಡ್ ಮನುಷ್ಯನಿಗೆ ಮೃತ್ಯು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಇದ್ದರೂ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಒಲೆಯ ಗ್ಯಾಸಿನಲ್ಲಿದ್ದದ್ದು ನೂರಕ್ಕೆ ಇಪ್ಪತ್ತು! ಗಾಡಿ ಓಡುವಾಗ ಎಂಜಿನ್ ಒಳಕ್ಕೆ ಎಳೆಯುತ್ತಿರುವುದರಿಂದ ಪೈಪಿನಲ್ಲಿ ತೂತಿದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಗ್ಯಾಸು ಹೊರಗೆ ಬರುವುದಿಲ್ಲ. ಅಪಾಯ ಇದ್ದದ್ದು ನಿಂತಾಗ. ಬೆಂಕಿ ಹಚ್ಚುವಾಗ, ಸೌದೆ ತುಂಬಲು ಮುಚ್ಚಳ ತೆಗೆದಾಗ, ರಾತ್ರಿ ಗ್ಯಾರೇಜಿನೊಳಗೆ ಕೆಂಡ ಆರದ ಗಾಡಿ ನಿಲ್ಲಿಸಿ ಬಾಗಿಲು ಹಾಕಿದಾಗ. ಆ ವರ್ಷಗಳಲ್ಲಿ ಇದರಿಂದ ಸತ್ತವರಿದ್ದಾರೆ. ಸಾಯದೆ, ದಿನಾ ಸ್ವಲ್ಪ ಸ್ವಲ್ಪ ಕುಡಿದು ತಲೆನೋವು, ಸುಸ್ತು, ಮರೆವು ಅಂತ ನರಳಿದವರು ಇನ್ನೂ ಹೆಚ್ಚು. ಸ್ವೀಡನ್ನಿನ ವೈದ್ಯರು ಇದನ್ನೇ ಒಂದು ಪ್ರತ್ಯೇಕ ಕಾಯಿಲೆಯ ಹಾಗೆ ಅಧ್ಯಯನ ಮಾಡಬೇಕಾಯಿತು.

ಇನ್ನು ನಮ್ಮ ಕಡೆಗೆ ಬರೋಣ. 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು, ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತೇ ಹೋಯಿತು. ಅಸ್ಸಾಮಿನ ದಿಗ್ಬೋಯ್, ಪಂಜಾಬಿನ ಅಟಕ್ ಕಡೆಯ ಬಾವಿಗಳನ್ನು ಬಿಟ್ಟರೆ ನಮ್ಮದೆನ್ನುವ ಎಣ್ಣೆ ಹೆಚ್ಚಿರಲಿಲ್ಲ. ಆಗ ಬಂದವೇ ಇದ್ದಿಲು ಬಸ್ಸುಗಳು. ಮೈಸೂರು ಸೀಮೆ, ಮಲೆನಾಡು, ದಕ್ಷಿಣ ಕನ್ನಡ, ಎಲ್ಲಿಯ ಹಿರಿಯರನ್ನು ಕೇಳಿದರೂ ಇವುಗಳ ಒಂದು ಕತೆ ಇದ್ದೇ ಇರುತ್ತಿತ್ತು. ಬಸ್ಸಿನ ಹಿಂಭಾಗದಲ್ಲಿ ಹಂಡೆಯಂಥ ಉದ್ದದ ಡ್ರಮ್ಮು. ಕ್ಲೀನರ್ ಹುಡುಗ ಕೈಹಿಡಿ ತಿರುಗಿಸಿ ತಿರುಗಿಸಿ ಗಾಳಿ ಊದುತ್ತಿದ್ದ, ಮೈಯೆಲ್ಲ ಮಸಿ. ಏರು ಬಂದರೆ ಬಸ್ಸು ಏದುಸಿರು ಬಿಟ್ಟು ನಿಂತೇ ಬಿಡುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳಬೇಕು. ಟಿಕೆಟ್ಟೂ ಕೊಂಡು ಬಸ್ಸನ್ನೂ ತಳ್ಳಿದ ತಲೆಮಾರು ಅದು! ಅವರು ನಗುತ್ತಾ ಹೇಳುತ್ತಿದ್ದ ಆ ಏದುಸಿರಿಗೆ ಕಾರಣ ಈಗ ಗೊತ್ತಾಯಿತಲ್ಲ, ಸಿಲಿಂಡರಿನ ಅರ್ಧ ಜಾಗವನ್ನು ಬಡಕಲು ಗ್ಯಾಸು ತಿಂದಿತ್ತು.

ನಮ್ಮಲ್ಲಿ ಸೌದೆಗಿಂತ ಇದ್ದಿಲು ಹೆಚ್ಚು ನಡೆದದ್ದಕ್ಕೂ ಕಾರಣವಿದೆ. ಇದ್ದಿಲು ಸುಡುವಾಗಲೇ ಜಿಗುಟೆಲ್ಲ ಕಾಡಿನಲ್ಲೇ ಹೊರಟು ಹೋಗಿರುತ್ತದೆ, ಹಾಗಾಗಿ ಇಂಬೆರ್ ಮಾದರಿಯ ನಾಜೂಕು ಒಲೆ ಬೇಕಿಲ್ಲ, ಸಾದಾ ಡ್ರಮ್ಮು ಸಾಕು. ಇದ್ದಿಲು ಸುಡುವುದು ನಮಗೆ ಹೊಸದೂ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಿಂದ ಮಲೆನಾಡಿನ ಮರದ ಇದ್ದಿಲಿನಿಂದಲೇ ಉರಿಯುತ್ತಿತ್ತು. ಆದರೆ ಮರದಲ್ಲಿದ್ದ ಶಕ್ತಿಯ ದೊಡ್ಡ ಪಾಲು ಇದ್ದಿಲು ಮಾಡುವಾಗಲೇ ಗಾಳಿಗೆ ಹೋಗುತ್ತದೆ. ಒಂದು ಮೂಟೆ ಇದ್ದಿಲಿನ ಹಿಂದೆ ನಾಲ್ಕೈದು ಪಟ್ಟು ತೂಕದ ಮರ ಬಿದ್ದಿರುತ್ತದೆ. ಬಸ್ಸು ತಳ್ಳಿದ ಕತೆ ಎಲ್ಲರಿಗೂ ನೆನಪಿದೆ, ಕಡಿದ ಮರದ ಲೆಕ್ಕ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಯುದ್ಧ ಮುಗಿಯಿತು, ಪೆಟ್ರೋಲು ವಾಪಸು ಬಂತು. ಜನ ಡ್ರಮ್ಮುಗಳನ್ನು ಕಿತ್ತು ಗುಜರಿಗೆ ಹಾಕಿದ ವೇಗ ನೋಡಿದರೆ, ಅವರಿಗೆ ಅದರ ಮೇಲೆ ಯಾವ ಪ್ರೀತಿಯೂ ಇರಲಿಲ್ಲ ಅನ್ನುವುದು ಗೊತ್ತಾಗುತ್ತದೆ. ಆದರೆ ವಿದ್ಯೆ ಪೂರ್ತಿ ಸಾಯಲಿಲ್ಲ. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಸ್ವೀಡನ್ ಮತ್ತೆ ಸಂಶೋಧನೆ ಶುರುಮಾಡಿತು. 1989ರಲ್ಲಿ ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಫೀಮಾ, ಕಸದ ಡಬ್ಬಿ, ನಲ್ಲಿ ಪೈಪು, ಅಡುಗೆಮನೆಯ ಸ್ಟೀಲ್ ಬೋಗುಣಿ ಜೋಡಿಸಿ ಮನೆಯಲ್ಲೇ ಇಂಥ ಒಲೆ ಕಟ್ಟುವ ಕೈಪಿಡಿಯೊಂದನ್ನು ಹೊರತಂದಿತು. ಎಣ್ಣೆ ನಿಂತುಹೋದರೆ ರೈತರ ಟ್ರ್ಯಾಕ್ಟರು ನಿಲ್ಲಬಾರದು ಅನ್ನುವುದು ಅದರ ಯೋಚನೆ.

ಅದಕ್ಕೂ ಒಂದು ವರ್ಷ ಮುಂಚೆ, 1988ರಲ್ಲಿ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ವಿದ್ಯೆಯಿಂದ ದೀಪ ಹಚ್ಚಿದ್ದರು. 3.7 ಕಿಲೋವಾಟಿನ ಸಣ್ಣ ಜನರೇಟರ್, ಸುಮಾರು ನಲವತ್ತು ಮನೆ. ಅಲ್ಲಿಯೂ ಕೈಹಾಕಿದ್ದು ಡೀಸೆಲ್ ಎಂಜಿನ್ನಿನ ಗಾಳಿಯ ದಾರಿಗೇ. ಒಳಹೋಗುವ ಗಾಳಿಯ ಜೊತೆ ಸೌದೆ ಗ್ಯಾಸು ಬೆರೆಸಿದರೆ, ಕಿಡಿ ಹೊತ್ತಿಸಲು ಬೇಕಾದಷ್ಟು ಡೀಸೆಲ್ ಸಾಕು, ಉಳಿದ ದೊಡ್ಡ ಪಾಲು ಉಳಿತಾಯ. ಸೌದೆಗೆ ಊರಿನ ಪಕ್ಕದಲ್ಲೇ ನೆಡುತೋಪು ಬೆಳೆಸಿದರು. ಯುದ್ಧಕಾಲದ ಬಸ್ಸಿನವರು ಮಾಡದ ಕೆಲಸ ಇದು, ಒಲೆ ಹಚ್ಚುವ ಮುಂಚೆ ಮರ ನೆಟ್ಟದ್ದು. ದೀಪದ ಜೊತೆ ಕುಡಿಯುವ ನೀರೂ ಬಂತು.

ಬೆಂಗಳೂರಿನ ಎಲ್‌ಪಿಜಿ ಆಟೋಗಳೂ ಇದೇ ವಂಶದವೇ. ಗ್ಯಾಸು ಬೇರೆ, ಜಾಗ ಅದೇ, ಎಂಜಿನ್ನಿನ ಮೂಗು. 2000ನೇ ಇಸವಿಯಲ್ಲಿ ಕಾನೂನು ತಿದ್ದಿ ಎಲ್‌ಪಿಜಿಗೆ ಒಪ್ಪಿಗೆ ಕೊಡುವ ಮುಂಚೆ ಅಡುಗೆ ಸಿಲಿಂಡರನ್ನೇ ವ್ಯಾನಿನೊಳಗಿಟ್ಟು, ರಬ್ಬರ್ ಪೈಪು ಎಳೆದು ಓಡಿಸಿದವರು ನಮ್ಮೂರುಗಳಲ್ಲಿ ಕಡಿಮೆಯೇನಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಡಾಪಟ್ಟೆ ಮಾರ್ಪಾಡು ಬೇಡ, ಒಪ್ಪಿಗೆ ಪಡೆದ ಕಿಟ್ ಮಾತ್ರ ಹಾಕಿಸಿ ಅಂದಾಗ ನಮಗೆ ಅದು ಅಧಿಕಾರಿಗಳ ಕಿರಿಕಿರಿ ಅನ್ನಿಸುತ್ತದೆ. ಫಿನ್ಲೆಂಡಿನವರ "ವಿಷಗಾಳಿ ಡಬ್ಬಿ" ನೆನಪಿಸಿಕೊಂಡರೆ ಅಷ್ಟು ಅನ್ನಿಸುವುದಿಲ್ಲ.

ಮನೆಯಲ್ಲಿ ಯಂತ್ರ ಬಿಚ್ಚುವ ಕೈಗಳ ಮೇಲೆ ನನಗೆ ತುಂಬ ಗೌರವ. ಪೆಟ್ರೋಲಿಲ್ಲದ ಆ ವರ್ಷಗಳಲ್ಲಿ ಹಾಲು, ಟಪಾಲು, ರೋಗಿಗಳು ಊರಿಂದೂರಿಗೆ ಹೋದದ್ದು ದೊಡ್ಡ ಕಂಪನಿಗಳಿಂದಷ್ಟೇ ಅಲ್ಲ, ಡ್ರಮ್ಮಿಗೆ ಪೈಪು ಬೆಸೆದ ಹೆಸರಿಲ್ಲದ ಕಮ್ಮಾರರಿಂದ, ಮಸಿ ಮೆತ್ತಿದ ಕ್ಲೀನರುಗಳಿಂದ. ಆದರೆ ಅವರು ಮಾಡಿದ್ದು ಬೇರೆ ದಾರಿಯಿಲ್ಲದೆ, ಬೆಲೆ ತೆತ್ತು. ಆ ಬೆಲೆಯಲ್ಲಿ ಒಂದಿಷ್ಟು ಕಾಡು ಇತ್ತು, ಒಂದಿಷ್ಟು ಜನರ ಉಸಿರು ಇತ್ತು.

ಇದ್ದಿಲು ಬಸ್ಸು ಹತ್ತಿದವರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ, ತೊಂಬತ್ತರ ಆಚೆಯವರು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಇದ್ದರೆ ಒಮ್ಮೆ ಹತ್ತಿರ ಕೂತು ಕೇಳಿ. ಯಾವ ದಾರಿ, ಯಾವ ಏರು, ಎಲ್ಲಿ ಇಳಿದು ತಳ್ಳಿದ್ದು ಅಂತ. ಕೇಳಿ ಬರೆದಿಡಿ. ಪುಸ್ತಕಗಳಲ್ಲಿ ಇಂಬೆರ್ ಸಿಗುತ್ತಾರೆ, ನಮ್ಮ ಕ್ಲೀನರ್ ಹುಡುಗ ಸಿಗುವುದಿಲ್ಲ.