ಪಾಮರ್ ಕಂಪನಿ: ಸೈನ್ಯದ ಪರಿಚಯವೂ ಲೇವಾದೇವಿಯ ಬಂಡವಾಳವೂ

ಸೈನ್ಯದ ಉದ್ಯೋಗವನ್ನು ಬಿಟ್ಟವರು ಹಣದ ವ್ಯವಹಾರಕ್ಕಿಳಿಯುವುದು ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯಲ್ಲ. ಆದರೆ ಅವರು ಆ ಲೋಕವನ್ನು ಯಾವ ಬಾಗಿಲಿನಿಂದ ಪ್ರವೇಶಿಸಿದರೆಂಬುದನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ. ಹೈದರಾಬಾದಿನ ವಿಲಿಯಂ ಪಾಮರ್ ಕಂಪನಿಯ ಪ್ರಕರಣವನ್ನು ಪಠ್ಯಪುಸ್ತಕಗಳು ಲಾರ್ಡ್ ಹೇಸ್ಟಿಂಗ್ಸನ ಆಡಳಿತಕ್ಕಂಟಿದ ಕಳಂಕವೆಂದು ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಂದೆ ಸಾಗುತ್ತವೆ. ನಾವು ಇಲ್ಲಿ ಕೇಳಬಯಸುವ ಪ್ರಶ್ನೆ ಬೇರೆ. ನಿಜಾಮನ ಸೇನೆಯಿಂದ ಹೊರಬಂದ ಒಬ್ಬ ಅಧಿಕಾರಿ ಹತ್ತು ವರ್ಷಗಳೊಳಗಾಗಿ ಆ ರಾಜ್ಯದ ಹಣಕಾಸನ್ನೇ ತನ್ನ ಹಿಡಿತಕ್ಕೆ ತಂದುಕೊಂಡದ್ದು ಹೇಗೆ?

ವಿಲಿಯಂ ಪಾಮರನ ತಂದೆ ಜನರಲ್ ಪಾಮರನು ವಾರನ್ ಹೇಸ್ಟಿಂಗ್ಸನ ಆಪ್ತವರ್ಗಕ್ಕೆ ಸೇರಿದವನು. ಲಖನೌ, ಪುಣೆ ಮೊದಲಾದ ದರ್ಬಾರುಗಳಲ್ಲಿ ರೆಸಿಡೆಂಟನಾಗಿದ್ದವನು. ತಾಯಿ ಫೈಜ್ ಬಕ್ಷ್ ಮುಸಲ್ಮಾನ ಮನೆತನದವಳು. 1791ರ ನಂತರ ಕಂಪನಿ ಸರಕಾರವು ಭಾರತೀಯ ತಾಯಂದಿರಿಗೆ ಹುಟ್ಟಿದವರಿಗೆ ತನ್ನ ಉನ್ನತ ಹುದ್ದೆಗಳ ಬಾಗಿಲನ್ನು ಮುಚ್ಚತೊಡಗಿತು. ಆದುದರಿಂದ ಯುವಕ ಪಾಮರನು ನಿಜಾಮನ ಸೇನೆಯನ್ನು ಸೇರಬೇಕಾಯಿತು. ಆಗ ಹೈದರಾಬಾದಿನ ರೆಸಿಡೆಂಟನಾಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕನು ತಂದೆಯ ಸ್ನೇಹಿತ. ಪರಿಚಯದ ಬಲ ಅಲ್ಲಿಂದಲೇ ಆರಂಭವಾಯಿತೆನ್ನಬಹುದು.

ಸೇನೆಯನ್ನು ಬಿಟ್ಟ ಮೇಲೆ ಪಾಮರನು ವ್ಯಾಪಾರಕ್ಕಿಳಿದು, 1814ರಲ್ಲಿ ಕಂಪನಿ ಸರಕಾರದ ಸಮ್ಮತಿಯನ್ನು ಪಡೆದನು. ಮೊದಲಿನ ಯೋಜನೆಗಳಲ್ಲಿ ಗೋದಾವರಿಯ ಕಾಡುಗಳ ಮರದ ವ್ಯಾಪಾರವೂ ಇತ್ತು. ಆದರೆ ಮರಕ್ಕಿಂತ ಸಾಲವೇ ಹೆಚ್ಚು ಲಾಭದ ಸರಕೆಂಬುದು ಬೇಗನೆ ವ್ಯಕ್ತವಾಯಿತು. ಪಾಲುದಾರರನ್ನು ನೋಡಿದರೆ ಸಂಸ್ಥೆಯ ಸ್ವರೂಪ ತಿಳಿಯುತ್ತದೆ: ತಮ್ಮ ಹೇಸ್ಟಿಂಗ್ಸ್ ಪಾಮರ್, ಗುಜರಾತಿ ಸಾಹುಕಾರ ಬಂಕಟಿದಾಸ, ಸ್ವಲ್ಪ ತಡವಾಗಿ ಬಂದ ಸರ್ ವಿಲಿಯಂ ರಂಬೋಲ್ಡ್. ರಂಬೋಲ್ಡನ ಹೆಂಡತಿ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನ ಪೋಷಣೆಯಲ್ಲಿ ಬೆಳೆದವಳು. ಕಲಕತ್ತೆಯಲ್ಲಿ ಪಾಮರನ ಮಲಸೋದರ ಜಾನ್ ಪಾಮರನು ಅಲ್ಲಿನ ಏಜೆನ್ಸಿ ಕೋಠಿಗಳಲ್ಲಿ ಅಗ್ರಗಣ್ಯನಾದವನು. ದೇಶೀ ರಾಜರಿಗೆ ಬ್ರಿಟಿಷ್ ಪ್ರಜೆಗಳು ಅಪ್ಪಣೆಯಿಲ್ಲದೆ ಸಾಲ ಕೊಡಕೂಡದೆಂಬ 1797ರ ಶಾಸನದಿಂದ ಈ ಸಂಸ್ಥೆಗೆ 1816ರಲ್ಲಿ ವಿನಾಯಿತಿ ದೊರೆಯಿತು. ಇದು ಬಡ್ಡಿಯ ಲೆಕ್ಕಾಚಾರದ ಚಾತುರ್ಯದಿಂದ ಮಾತ್ರ ದೊರೆತದ್ದೆಂದು ನಂಬುವುದು ಕಷ್ಟ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಪಾಮರನು ದೊಡ್ಡವರ ಕೃಪೆಯಿಂದ ಬದುಕಿದವನಾಗಿ ಮಾತ್ರ ಕಾಣುವನು. ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು ಸೈನ್ಯದ ಅನುಭವ. ನಿಜಾಮನ ಬೊಕ್ಕಸದ ಮೇಲಿದ್ದ ಅತ್ಯಂತ ದೊಡ್ಡ ಹೊರೆ ಸೇನೆಯ ಸಂಬಳ. ರೆಸಿಡೆಂಟ್ ಹೆನ್ರಿ ರಸೆಲನು ಬೆಳೆಸಿದ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ದಳಗಳಿಗೆ ತಿಂಗಳು ತಿಂಗಳು ನಗದನ್ನು ಎಣಿಸಲೇಬೇಕಾಗಿತ್ತು. ಕಂದಾಯವಾದರೋ ಸುಗ್ಗಿಯನ್ನು ಕಾಯುತ್ತಿತ್ತು. ಈ ಎರಡರ ನಡುವಣ ಅಂತರವೇ ಸಾಹುಕಾರನ ಸ್ಥಳ. ಸಂಬಳ ತಡವಾದಾಗ ಸಿಪಾಯಿಗಳು ಏನು ಮಾಡುವರು, ಯಾವ ಅಧಿಕಾರಿಯ ಮಾತು ನಡೆಯುವುದು ಎಂಬುದನ್ನು ಪಾಮರನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಔರಂಗಾಬಾದು ಮತ್ತು ಬೇರಾರಿನ ದಳಗಳ ಸಂಬಳವನ್ನು ಸಂಸ್ಥೆಯು ಮುಂಗಡವಾಗಿ ಕೊಡುವುದು, ಅದಕ್ಕೆ ಪ್ರತಿಯಾಗಿ ದಿವಾನಗಿರಿ ನಡೆಸುತ್ತಿದ್ದ ಚಂದೂಲಾಲನು ಜಿಲ್ಲೆಗಳ ಕಂದಾಯವನ್ನು ಬರೆದುಕೊಡುವುದು, ಹೀಗೆ ಏರ್ಪಾಡಾಯಿತು. ಸೈನ್ಯಕ್ಕೆ ಸಂಬಳ ಸಕಾಲದಲ್ಲಿ ಬರುತ್ತಿದ್ದುದರಿಂದ ಅಧಿಕಾರಿಗಳು ಸಂಸ್ಥೆಯ ಹಿತೈಷಿಗಳಾದರು. ಬಡ್ಡಿಯ ಭಾರವನ್ನು ಹೊತ್ತವನು ಬೇರಾರಿನ ರೈತ. ಅವನ ಪರಿಚಯದವರು ಯಾವ ದರ್ಬಾರಿನಲ್ಲಿಯೂ ಇರಲಿಲ್ಲ.

1820ರಲ್ಲಿ 60 ಲಕ್ಷ ರೂಪಾಯಿಗಳ ಹೊಸ ಸಾಲಕ್ಕೆ, ಕಲಕತ್ತೆಯ ಮಂತ್ರಾಲೋಚನಾ ಸಭೆಯಲ್ಲಿ ವಿರೋಧವಿದ್ದರೂ, ಒಪ್ಪಿಗೆ ದೊರೆಯಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫನು ಲೆಕ್ಕಗಳನ್ನು ಬಿಡಿಸತೊಡಗಿದನು. ಸಾಲದ ಬಹುಭಾಗವು ಅದೇ ಸಂಸ್ಥೆಯ ಹಳೆಯ ಬಾಕಿಗೇ ಜಮೆಯಾಗಿತ್ತು. 8 ಲಕ್ಷವು ಪಾಲುದಾರರಿಗೆ ಸಂದ ಬಹುಮಾನವೆಂದು ಅವನು ಕಂಡನು. ಲಂಡನ್ನಿನ ನಿರ್ದೇಶಕರೂ ವಿನಾಯಿತಿಯನ್ನು ಹಿಂತೆಗೆದುಕೊಳ್ಳಲು ಆಜ್ಞಾಪಿಸಿದರು. ನಿಜಾಮನ ಸಾಲವನ್ನು ತೀರಿಸಲು ಉತ್ತರ ಸರ್ಕಾರುಗಳಿಗಾಗಿ ಕಂಪನಿಯು ಅವನಿಗೆ ಕೊಡುತ್ತಿದ್ದ ವರ್ಷಕ್ಕೆ 7 ಲಕ್ಷದ ಪೇಷ್ಕಷ್ ಶಾಶ್ವತವಾಗಿ ರದ್ದಾಗಿ, ಅದರ ಬದಲು 1 ಕೋಟಿ 16 ಲಕ್ಷಕ್ಕೂ ಮೀರಿದ ಮೊತ್ತ ಸಂದಿತು. 1823ರಲ್ಲಿ ಲಾರ್ಡ್ ಹೇಸ್ಟಿಂಗ್ಸನು ಭಾರತವನ್ನು ಬಿಟ್ಟನು. 1824ರಲ್ಲಿ ಕಂಪನಿ ದಿವಾಳಿಯೆದ್ದಿತು.

ಮೆಟ್ಕಾಫನ ತೀರ್ಪನ್ನೇ ಕೊನೆಯ ಮಾತೆಂದು ಸ್ವೀಕರಿಸಲು ನಾವು ಸಿದ್ಧರಿಲ್ಲ. ಪಾಮರ್ ಕಂಪನಿಯನ್ನು ಹೈದರಾಬಾದಿನ ಇತರ ಸಾಹುಕಾರಿ ಮನೆಗಳ ಸಾಲಿನಲ್ಲಿಟ್ಟು ನೋಡಬೇಕೆಂದು ಇತ್ತೀಚೆಗೆ ಕ್ಯಾರನ್ ಲಿಯೊನಾರ್ಡ್ ವಾದಿಸಿರುವರು; ಅದು ವಿಚಾರಾರ್ಹವಾದ ಮಾತು. ಅಧಿಕ ಬಡ್ಡಿಯು ಅಂದಿನ ಪೇಟೆಯಲ್ಲಿ ಪಾಮರನೊಬ್ಬನ ಆವಿಷ್ಕಾರವೇನಲ್ಲ. ಅವನಿಗಿದ್ದ ವಿಶೇಷವೆಂದರೆ ರೆಸಿಡೆನ್ಸಿಯ ನೆರಳು. ಸಾಲಗಾರನು ಮರುಮಾತನಾಡದಂತೆ ಮಾಡಿದ್ದು ಅದೇ. ರೆಸಿಡೆಂಟನು ಬದಲಾದಾಗ ನೆರಳೂ ಸರಿಯಿತು.

ಪಾಮರನು ಹೈದರಾಬಾದನ್ನು ಬಿಡದೆ 1867ರವರೆಗೂ ಬದುಕಿದನು. ಅವನ ಮಗಳನ್ನು ಮದುವೆಯಾದ ಮೆಡೋಸ್ ಟೇಲರನು ನಮ್ಮ ಸುರಪುರದ ಇತಿಹಾಸದಿಂದ ಕನ್ನಡಿಗರಿಗೆ ಪರಿಚಿತನು. ಅವನ ದಾರಿ ಮಾವನ ದಾರಿಗೆ ವಿಲೋಮವಾದುದು: 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಕೋಠಿಯನ್ನು ಸೇರಲೆಂದು ಬಂದ ಹುಡುಗ, ಆ ವ್ಯಾಪಾರದ ದುಃಸ್ಥಿತಿಯನ್ನು ಕಂಡು, ನಿಜಾಮನ ಸೈನ್ಯವನ್ನು ಸೇರಿದನು.