ನೊರೆಯ ಹಿಂದಿನ ಹುಳಿ

ಕಾವೂರಿರಲಿ, ಬಂದರು ಪೇಟೆಯಿರಲಿ, ಮಂಗಳೂರಿನ ಹೋಟೆಲುಗಳಲ್ಲಿ ಗೋಳಿಬಜೆ, ಬನ್ಸ್ ಇಲ್ಲದ ದಿನ ಕಡಿಮೆ. ಎರಡರ ಹಿಟ್ಟಿಗೂ ಹುಳಿ ಮೊಸರು ಬೇಕು, ಸ್ವಲ್ಪ ಸೋಡಾ ಹುಡಿ ಬೇಕು. ಅವು ಸೇರಿದ ಕೂಡಲೇ ಏಳುವ ನೊರೆಯನ್ನು ಅರ್ಥ ಮಾಡಿಕೊಳ್ಳಲು ರಸಾಯನಶಾಸ್ತ್ರಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆ ಹೇಳುವವರು ಅನಿಲದ ಬಗ್ಗೆ ಹೇಳಿದಷ್ಟು ಹುಳಿಯ ಬಗ್ಗೆ ಹೇಳುವುದಿಲ್ಲ. ತಿಂಡಿಯ ರುಚಿ ನಿಂತಿರುವುದು ಮಾತ್ರ ಹುಳಿಯ ಲೆಕ್ಕದ ಮೇಲೆ.

ಸೋಡಾ ಬರುವ ಮೊದಲೂ ಕರಾವಳಿಯ ಹಿಟ್ಟು ಉಬ್ಬುತ್ತಿತ್ತು. ಕೊಂಕಣಿ ಕ್ರೈಸ್ತರ ಸಾನ್ನಾ ಹಿಟ್ಟಿಗೆ ಕಳ್ಳು ಬೀಳುತ್ತಿತ್ತು. ಕಳ್ಳಿನ ಯೀಸ್ಟ್ ಸಕ್ಕರೆ ತಿಂದು ಬಿಡುವುದೂ ಸೋಡಾ ನೊರೆಯೊಳಗಿನ ಅನಿಲವನ್ನೇ, ಅಂದರೆ ಇಂಗಾಲದ ಡೈಆಕ್ಸೈಡನ್ನೇ.

ಈ ಅನಿಲವನ್ನು ತಕ್ಕಡಿಗೆ ತಂದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಮೂತ್ರಕೋಶದ ಕಲ್ಲು ಕರಗಿಸುವ ಮದ್ದು ಹುಡುಕುತ್ತ ಹೊರಟ ಈ ವೈದ್ಯ, ಸುಣ್ಣದಂಥ ವಸ್ತುಗಳಿಗೆ ಆಮ್ಲ ಹಾಕಿದಾಗ ತೂಕ ಇಳಿಯುವುದನ್ನು ಅಳೆದ. ಹಾರಿಹೋದದ್ದು ಅವುಗಳೊಳಗೆ ಕಟ್ಟುಬಿದ್ದಿದ್ದ ಗಾಳಿ ಎಂದು 1756ರಲ್ಲಿ ಪ್ರಕಟಿಸಿದ. ನೊರೆಗೂ ತೂಕವಿದೆ ಎಂದು ಕಾಣಿಸಿದ ಈ ಕೆಲಸವನ್ನು ನಾನು ಇಡೀ ಕತೆಯ ಅತಿ ದೊಡ್ಡ ಹೆಜ್ಜೆ ಎನ್ನುತ್ತೇನೆ. ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಅದೇ ಅನಿಲವನ್ನು ನೀರಿಗೆ ಬೆರೆಸುವ ವಿಧಾನ ಬರೆದ. ನಮ್ಮ ಗೋಳಿ ಸೋಡಾದ ವಂಶಾವಳಿ ಅಲ್ಲಿಂದ ಶುರು.

ಹುಳಿಯ ಕಡೆ ಸ್ವೀಡನ್ನಿನ ಷೀಲೆ ಒಬ್ಬನೇ ಬಹಳಷ್ಟು ಮಾಡಿದ: 1780ರಲ್ಲಿ ಹುಳಿತ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ, 1784ರಲ್ಲಿ ನಿಂಬೆಯಿಂದ ಸಿಟ್ರಿಕ್ ಆಮ್ಲ. ಸೋಡಿಯಂ ಬೈಕಾರ್ಬೊನೇಟ್, ಅಂದರೆ ಸೋಡಾ ಹುಡಿ, ಬಂದದ್ದು 1801ರಲ್ಲಿ, ಬರ್ಲಿನ್ನಿನ ವ್ಯಾಲೆಂಟಿನ್ ರೋಸ್ ಕೈಯಲ್ಲಿ. 1861ರ ಸಾಲ್ವೆ ವಿಧಾನ ಸೋಡಾವನ್ನು ಅಗ್ಗವಾಗಿಸಿತು. ಅಮೆರಿಕದ ಎಬೆನ್ ಹಾರ್ಸ್‌ಫರ್ಡ್ 1856ರಲ್ಲೇ ಒಣ ಫಾಸ್ಫೇಟ್ ಆಮ್ಲಕ್ಕೆ ಪೇಟೆಂಟ್ ಪಡೆದಿದ್ದ. ಇಂಥ ಒಣ ಆಮ್ಲವನ್ನು ಸೋಡಾಕ್ಕೆ ಬೆರೆಸಿದ ಬೇಕಿಂಗ್ ಪೌಡರಿನಲ್ಲಿ ಹುಳಿ ಮೊದಲೇ ತೂಗಿಟ್ಟದ್ದು, ಮೊಸರಿನಲ್ಲಿ ಹಾಗಲ್ಲ.

ಒಳಗೆ ನಡೆಯುವುದೇನು? ಆಮ್ಲವೆಂದರೆ ಪ್ರೋಟಾನ್ ಕೊಡುವಂಥದ್ದು ಎಂದು ಬ್ರೋನ್‌ಸ್ಟೆಡ್ ಮತ್ತು ಲೌರಿ 1923ರಲ್ಲಿ ಬೇರೆ ಬೇರೆಯಾಗಿ ಹೇಳಿದರು. ಆ ಪ್ರೋಟಾನ್ ಪಡೆದ ಬೈಕಾರ್ಬೊನೇಟ್ ಕಾರ್ಬೊನಿಕ್ ಆಮ್ಲವಾಗಿ, ತಾಳದೆ ನೀರು ಮತ್ತು ಅನಿಲವಾಗಿ ಒಡೆಯುತ್ತದೆ. ಈ ಕ್ರಿಯೆ ಸುತ್ತಲಿನ ಶಾಖ ಹೀರುವುದರಿಂದ ಸೋಡಾ ಮತ್ತು ವಿನೆಗರ್ ಬೆರೆಸಿದ ಲೋಟ ತಣ್ಣಗಾಗುತ್ತದೆ. 5 ಗ್ರಾಂ ಸೋಡಾ ಪೂರ್ತಿ ವರ್ತಿಸಲು ಶೇಕಡಾ 5ರ ವಿನೆಗರ್ ಸುಮಾರು 70 ಮಿಲಿಲೀಟರ್ ಬೇಕು, ಸುಮಾರು 1.4 ಲೀಟರ್ ಅನಿಲ ಹೊರಡುತ್ತದೆ. ಶೇಕಡಾ 1ರಷ್ಟು ಲ್ಯಾಕ್ಟಿಕ್ ಆಮ್ಲವಿರುವ 100 ಗ್ರಾಂ ಮೊಸರಿಗೆ ಸುಮಾರು 1 ಗ್ರಾಂ ಸೋಡಾ ಸಾಕು. ಹೆಚ್ಚಾದರೆ, ಉಳಿದದ್ದು ಎಣ್ಣೆಯ ಬಿಸಿಗೆ ಸೋಡಿಯಂ ಕಾರ್ಬೊನೇಟಾಗಿ ಸಾಬೂನಿನ ರುಚಿ ತರುತ್ತದೆ, ಬಣ್ಣವನ್ನೂ ಕಪ್ಪಾಗಿಸುತ್ತದೆ. ಕ್ಷಾರದಲ್ಲಿ, 1912ರಲ್ಲಿ ಮಯಾರ್ ವಿವರಿಸಿದ ಕಂದು ಬಣ್ಣದ ಕ್ರಿಯೆ ಚುರುಕು. ಬಾಳೆಹಣ್ಣಿನ ಸಕ್ಕರೆಯೂ ಇರುವ ಬನ್ಸ್‌ಗೆ ಆ ಗಾಢ ಬಣ್ಣ ಬರುವುದು ಇದರಿಂದಲೂ ಹೌದು. ಬನ್ಸ್ ಪೊಳ್ಳಾಗಿ ಉಬ್ಬುವುದರಲ್ಲಿ ಹಬೆಯ ಪಾಲು ದೊಡ್ಡದು.

ಹುಳಿಯ ಕತೆಗೆ ಕರ್ನಾಟಕವೂ ಒಂದು ಅಧ್ಯಾಯ ಸೇರಿಸಿದೆ. ಕೊಡಗಿನ ಕಾಚಂಪುಳಿಯ ಹಣ್ಣಿನಲ್ಲಿರುವುದು ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದೇ ತಿಳಿಯಲಾಗಿತ್ತು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು ತೋರಿಸಿದರು. ಅದೇ ಕುಲದ ಪುನರ್ಪುಳಿಯಲ್ಲೂ ಅದಿದೆ. ಪುನರ್ಪುಳಿ ನೀರಿಗೆ ಸೋಡಾ ಹುಡಿ ಹಾಕಿದರೆ ನೊರೆ ಏಳುವುದರ ಜೊತೆಗೆ, ಹುಳಿ ಮುಗಿಯುತ್ತಿದ್ದಂತೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ತನ್ನ ಕೆಂಪನ್ನು ಬಿಟ್ಟುಕೊಡುತ್ತದೆ. ಮಕ್ಕಳಿಗೆ ಈ ಕ್ರಿಯೆ ಕಲಿಸುವವರು ವಿನೆಗರ್ ಬಾಟಲಿಗಿಂತ ಮೊದಲು ಇದನ್ನು ಕೈಗೆತ್ತಿಕೊಳ್ಳಬೇಕು: ಹುಳಿ ಎಷ್ಟಿತ್ತು, ಎಲ್ಲಿ ತೀರಿತು ಎಂಬುದು ಕಣ್ಣಿಗೇ ಕಾಣುತ್ತದೆ.